ಖಾನಾಪುರದ ಪೇಟೆಯಲ್ಲಿ ಒಂದು ಬಕೆಟ್ ನೀರು

ಆ ವಿಡಿಯೋವನ್ನು ನಾನು ಮೊದಲು ನೋಡಿದ್ದು ನನ್ನದೇ ತರಗತಿಯಲ್ಲಿ, ಹಿಂದಿನ ಬೆಂಚಿನವರ ಮೊಬೈಲಿನಲ್ಲಿ. ಒಬ್ಬ ಗಂಡಸು ಅಂಗಡಿಯ ಕಟ್ಟೆಯ ಮೇಲೆ ನಿಂತು, ಕೆಳಗೆ ಕೂತ ಮುದುಕಿಯೊಬ್ಬಳ ಮೇಲೆ ಬಕೆಟ್ ತುಂಬ ನೀರು ಎರಚುತ್ತಾನೆ. ಮುದುಕಿ ನೆನೆದು ತೊಪ್ಪೆಯಾಗುತ್ತಾಳೆ. ನೀರು ಬೀಳುವ ಹೊತ್ತಿಗೆ ಚಿತ್ರ ನಿಧಾನವಾಗುತ್ತದೆ, ಡೋಲು ಬಡಿಯುತ್ತದೆ, ಮತ್ತೆ ಅದೇ ನೀರು, ಅದೇ ಮುದುಕಿ. ಮತ್ತೊಮ್ಮೆ ನೀರು ಬಿದ್ದಾಗ ಒಬ್ಬ ಹುಡುಗ 'ಧಪ್' ಎಂದು ಬಾಯಲ್ಲೇ ಸದ್ದು ಮಾಡಿದ. ಸುತ್ತಲಿನವರೆಲ್ಲ ನಕ್ಕರು. ನನಗೆ ಹೇಸಿಗೆಯಾಯಿತು. ನೀರು ಎರಚಿದವನನ್ನು ಕಂಡೋ, ನಕ್ಕವರನ್ನು ಕಂಡೋ, ಆ ಹೊತ್ತಿಗೆ ತಿಳಿಯಲಿಲ್ಲ.

ಆ ವರ್ಷ ನಾನು ಶನಿವಾರಕ್ಕೊಮ್ಮೆ ಬೆಳಗಾವಿಯ ಟಿಳಕವಾಡಿಯ ಮನೆಯಿಂದ ಹೊರಟು ಖಾನಾಪುರದ ಒಂದು ಪದವಿಪೂರ್ವ ಕಾಲೇಜಿಗೆ ಹೋಗುತ್ತಿದ್ದೆ. ಜಾಹೀರಾತು, ಸುದ್ದಿಯ ತುಣುಕು, ಮೊಬೈಲಿನ ರೀಲು, ಇವನ್ನೆಲ್ಲ ನೋಡುವುದು ಹೇಗೆ ಎಂದು ಮೊದಲ ವರ್ಷದವರಿಗೆ ಕಲಿಸುವುದು ನನ್ನ ಕೆಲಸ. ಸುದ್ದಿ ವಾಹಿನಿಯೊಂದರಲ್ಲಿ ದೃಶ್ಯ ಕತ್ತರಿಸಿ ಜೋಡಿಸುವ ಮೇಜಿನ ಮುಂದೆ ಬಹಳ ಕಾಲ ಕೂತವಳಾದ್ದರಿಂದ, ಕಳ್ಳರ ದಾರಿ ಇವಳಿಗೆ ಗೊತ್ತಿರಬೇಕು ಎಂದು ಅಲ್ಲಿನ ಕನ್ನಡ ಉಪನ್ಯಾಸಕಿ ನನ್ನನ್ನು ಕರೆಸಿದ್ದರು.

ನನ್ನ ಪದ್ಧತಿ ಸರಳ. ಮೊದಲ ಸಲ ಸದ್ದು ತೆಗೆದು ತೋರಿಸುತ್ತೇನೆ. ಆಮೇಲೆ ಬೋರ್ಡಿನ ನಡುವೆ ಒಂದು ಗೆರೆ ಎಳೆದು ಎಡಕ್ಕೆ 'ಕಂಡದ್ದು' ಎಂದೂ ಬಲಕ್ಕೆ 'ಅಂದುಕೊಂಡದ್ದು' ಎಂದೂ ಬರೆಯುತ್ತೇನೆ. ಅಡುಗೆ ಎಣ್ಣೆಯ ಜಾಹೀರಾತು ನೋಡಿ ಯಾರಾದರೂ 'ಸೊಸಿ ಖುಷಿ ಅದಾಳ್ರಿ' ಎಂದರೆ ಅದು ಬಲಕ್ಕೆ. 'ಸೊಸಿ ಹಲ್ಲು ಕಾಣಾಕತ್ತಾವು' ಎಂದರೆ ಎಡಕ್ಕೆ. ಸೊಸೆ ಎಂದದ್ದೂ ಅಂದುಕೊಂಡದ್ದೇ, ಅವಳು ಸೊಸೆ ಎಂದು ಯಾರು ಹೇಳಿದರು, ಎಂದು ಕಣಕುಂಬಿಯಿಂದ ಬಸ್ಸಿಗೆ ಬರುವ ಒಬ್ಬ ಹುಡುಗಿ ಎರಡನೆಯ ವಾರವೇ ತಕರಾರು ತೆಗೆದಿದ್ದಳು. ಅಂಥ ಚುರುಕು ಕಣ್ಣು ನಾನು ಸ್ಟುಡಿಯೋದಲ್ಲೂ ಕಂಡಿರಲಿಲ್ಲ. ಹೀಗೆ ಎಲ್ಲ ಚಲೋ ನಡೆದಿದ್ದಾಗ ಈ ನೀರಿನ ವಿಡಿಯೋ ಬಂತು.

ಅಂದು ಮುಂದಿನ ಬೆಂಚಿನ ಒಂದು ಜಾಗ ಖಾಲಿಯಿತ್ತು. ತರಗತಿ ಮುಗಿದ ಮೇಲೆ ಉಪನ್ಯಾಸಕಿಯನ್ನು ಕೇಳಿದೆ.

"ಅಕಿ ಬರಾಂಗಿಲ್ರಿ ಮೇಡಂ," ಎಂದರು ಅವರು. "ಆ ವಿಡಿಯೋದಾಗ ನೀರು ಒಗದಾವ್ರು ಅಕಿ ಅಪ್ಪಾರು. ಪ್ಯಾಟ್ಯಾಗ ಅರಿವಿ ಅಂಗಡಿ ಐತ್ರಿ ಅವರದು. ಹುಡುಗರು ಅಕಿ ಫೋಟೋಕ್ಕ ಬಕೀಟ ಹಚ್ಚಿ ಸ್ಟಿಕರ್ ಮಾಡ್ಯಾರ. ಅಕಿ ಒಳಗ ಬಂದ್ರ 'ನೀರು ಬಂತು, ನೀರು ಬಂತು' ಅಂತ ಒದರತಾರ. ಸಾಲಿ ಬಿಡತೇನಿ ಅಂತ ಮನ್ಯಾಗ ಕುಂತಾಳ್ರಿ."

"ಸ್ಟಿಕರ್ ಮಾಡಿದವರು ಯಾರು?"

'ಧಪ್' ಎಂದವನೇ. ವಾರ್ಷಿಕ ಪರೀಕ್ಷೆ ಬಾಗಿಲಿಗೆ ಬಂದಿತ್ತು. ಇಡೀ ತರಗತಿಯಲ್ಲಿ ಲೆಕ್ಕಶಾಸ್ತ್ರದಲ್ಲಿ ಮುಂದಿದ್ದ ಹುಡುಗಿ ಆಕೆ. ಸಾಲಿ ಬಿಟ್ಟರೆ ಬಿಟ್ಟಂತೆಯೇ, ಮುಂದೆ ಮನೆಯವರು ಗಂಡು ನೋಡಲು ಶುರು ಮಾಡುತ್ತಾರೆ ಎಂದು ಉಪನ್ಯಾಸಕಿ ನಿಟ್ಟುಸಿರು ಬಿಟ್ಟರು. ಪ್ರಾಚಾರ್ಯರ ಕೋಣೆಗೆ ಹೋದೆವು. ಅವರು ತಲೆ ಎತ್ತದೆಯೇ, "ಬೆಂಕಿ ಇಲ್ದ ಹೊಗಿ ಆಡತೈತೇನ್ರೀ? ಏನರ ಆಗಿರಬೇಕು. ನೀವು ನಿಮ್ಮ ಪಾಠ ಮುಗಸ್ರಿ," ಎಂದರು. ಮುದುಕಿಗೆ ನೀರು ಎರಚಿದ್ದು ಅವರ ಕಣ್ಣಲ್ಲಿ ಆಗಲೇ ಸಾಬೀತಾಗಿತ್ತು. ನನ್ನ ಕಣ್ಣಲ್ಲೂ ಆಗಿತ್ತು ಎಂದು ಈಗ ಹೇಳಿಬಿಡುತ್ತೇನೆ. ನನ್ನ ಸಂಕಟವಿದ್ದದ್ದು ಅಪ್ಪ ಮಾಡಿದ್ದಕ್ಕೆ ಮಗಳಿಗೇಕೆ ಬರೆ ಎಂಬಷ್ಟಕ್ಕೇ.

ಮುಂದಿನ ಶನಿವಾರ ಪಾಠಕ್ಕೆ ಅದೇ ವಿಡಿಯೋ ತೆಗೆದುಕೊಳ್ಳುವುದೆಂದು ನಿರ್ಧರಿಸಿ, ಹುಡುಗರಿಗೆ ಕಳಿಸಲು ಹೇಳಿದೆ. ಬಂದದ್ದು ಎರಡು. ಚಿತ್ರ ಒಂದೇ, ಹಿನ್ನೆಲೆಯ ಮಾತು ಬೇರೆ. ಕನ್ನಡದ್ದರಲ್ಲಿ ಕನ್ನಡದ ಬಡ ತಾಯಿಯ ಮೇಲೆ ಮರಾಠಿ ವ್ಯಾಪಾರಿಯ ದರ್ಪ ಎಂದಿತ್ತು. ಮರಾಠಿಯದ್ದರಲ್ಲಿ ಮರಾಠಿ ಅಜ್ಜಿಯ ಮೇಲೆ ಕನ್ನಡ ವ್ಯಾಪಾರಿಯ ದರ್ಪ ಎಂದಿತ್ತು. ಕನ್ನಡ ಮನೆಯ ಹುಡುಗರ ಗ್ರೂಪಿನಲ್ಲಿ ಒಂದು ಓಡಾಡಿದೆ, ಮರಾಠಿ ಮನೆಯವರ ಗ್ರೂಪಿನಲ್ಲಿ ಇನ್ನೊಂದು. ಒಂದೇ ಬೆಂಚಿನಲ್ಲಿ ಮೊಣಕೈ ತಾಗಿಸಿ ಕೂತವರು ಬೇರೆ ಬೇರೆ ಸಿಟ್ಟಿನಲ್ಲಿ ಕೂತಿದ್ದಾರೆ, ಒಬ್ಬರದು ಒಬ್ಬರಿಗೆ ಗೊತ್ತಿಲ್ಲ! ಅಂಗಡಿಯವರೋ ಹಳೆಯ ಜೈನ ಮನೆತನದವರು. ಮನೆಯಲ್ಲಿ ಕನ್ನಡ, ಗಲ್ಲೆಯ ಮೇಲೆ ಕೂತರೆ ಬಂದವರ ಭಾಷೆ. ಖಾನಾಪುರದಲ್ಲಿ ಇದು ಯಾರಿಗೆ ಗೊತ್ತಿಲ್ಲ? ಆದರೂ ಇಬ್ಬರೂ ನಂಬಿದ್ದರು.

ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ಒಟ್ಟಿಗೇ ಓಡಿಸಿದೆ. ಮೊದಲು ಸದ್ದಿಲ್ಲದೆ. ನೀರು ಎರಡು ಕಡೆಯೂ ಒಂದೇ ಕ್ಷಣಕ್ಕೆ ಬಿತ್ತು. ಕನ್ನಡದವರು ಮರಾಠಿಯವರ ಮುಖ ನೋಡಿದರು, ಅವರು ಇವರದು ನೋಡಿದರು. ಆಮೇಲೆ ಒಂದೊಂದರದೇ ಸದ್ದು ಕೇಳಿಸಿದೆ.

"ಮೇಡಂ, ಪರತ್ ಹಚ್ರಿ," ಎಂದಳು ಕಣಕುಂಬಿಯ ಹುಡುಗಿ. ಮತ್ತೊಮ್ಮೆ ಹಚ್ಚಿದೆ. "ಹೇಳಾಂವ ಒಬ್ಬನ ಅದಾನ್ರಿ. ಶುರು ಮಾಡೂಕಿಂತ ಮದ್ಲ ಖಾಕರಿಸತಾನ ನೋಡ್ರಿ, ಎರಡರಾಗೂ ಹಂಗ ಖಾಕರಿಸ್ಯಾನ."

ಹೌದು. ಎರಡು ಭಾಷೆ, ಎರಡು ಸಿಟ್ಟು, ಗಂಟಲು ಒಂದು. ತರಗತಿ ಘೊಳ್ಳೆಂದಿತು. ನಾನು ನಗಲಿಲ್ಲ. ಆ ಗಂಟಲು ನನಗೆ ಪರಿಚಯದ್ದು. ಬೆಳಗಾವಿಯಲ್ಲಿ ಮೊಬೈಲಿಗಾಗಿಯೇ ಸುದ್ದಿ ಚಾನೆಲ್ ನಡೆಸುವ ಒಬ್ಬನದು. ಎಷ್ಟೋ ಪತ್ರಿಕಾಗೋಷ್ಠಿಗಳಲ್ಲಿ ನನ್ನ ಬಾಜೂಕ ನಿಂತು ಖಾಕರಿಸಿದವನು.

ಚಿತ್ರವನ್ನು ನಿಲ್ಲಿಸಿ 'ಕಂಡದ್ದು' ಬರೆಯಲು ಹೇಳಿದೆ. ಬಕೆಟ್, ನೀರು, ಕಟ್ಟೆ, ಮುದುಕಿ, ಒದ್ದೆ ಸೀರೆ. ಕಣಕುಂಬಿಯ ಹುಡುಗಿ ಮತ್ತೆ ಎದ್ದಳು. "ಅಜ್ಜಿ ಅವರ ಕಡೆ ನೋಡಾಕತ್ತಿಲ್ರಿ. ನೀರು ಬೀಳೂಕಿಂತ ಮದ್ಲನ ಹಿಂದ ಹೊಳ್ಳಿ ನೋಡಾಕತ್ತಾಳ." ಬೈಯುವವರಿದ್ದರೆ ಬೈಯುವವರ ಮುಖ ನೋಡುತ್ತೇವೆ. ಈಕೆ ತನ್ನ ಬೆನ್ನ ಹಿಂದೆ ಏನನ್ನೋ ನೋಡುತ್ತಿದ್ದಳು. ಅದು ಚೌಕಟ್ಟಿನ ಹೊರಗಿತ್ತು. ಮೊಬೈಲಿನಲ್ಲಿ ನೆಟ್ಟಗೆ ತುಂಬಲಿ ಎಂದು ಅಡ್ಡ ಚಿತ್ರದ ಎರಡೂ ಬದಿ ಹೆರೆದು ಹಾಕಿದ್ದರು. ಅಂಚು ಎಷ್ಟು ಹತ್ತಿರವಿತ್ತೆಂದರೆ ಮುದುಕಿಯ ಒಂದು ಭುಜವೇ ಇರಲಿಲ್ಲ.

ಸೋಮವಾರ ಬೆಳಗಾವಿಯ ಸದಾಶಿವನಗರದಲ್ಲಿ ಆ ಖಾಕರಿಸುವವನ ಸ್ಟುಡಿಯೋಕ್ಕೆ ಹೋದೆ. ಸ್ಟುಡಿಯೋ ಎಂದರೆ ಬಾಡಿಗೆ ಮನೆಯ ಮಹಡಿ, ಹಸಿರು ಬಟ್ಟೆ ಕಟ್ಟಿದ ಗೋಡೆ, ಒಂದು ಏಸಿ.

"ಬರ್ರಿ ಬರ್ರಿ ಮೇಡಂ, ಕುಂದರ್ರಿ! ಎಷ್ಟ ದಿನಾತು," ಎಂದು ಖುರ್ಚಿ ಒರೆಸಿ ಕೊಟ್ಟ. ಚಹಾ ತರಿಸಿದ. ಬಂದ ಕಾರಣ ಹೇಳಿದಾಗ ನಾಚಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಅರಳಿತು.

"ನೋಡೀರಿ? ಎರಡೂ ಕಡೆ ಓಡಾಕತ್ತೈತ್ರಿ! ಕನ್ನಡ ಚಾನೆಲ್ ಒಂದು, ಮರಾಠಿ ಚಾನೆಲ್ ಒಂದು, ಎರಡೂ ನಮ್ಮವ. ಒಂದ ಮಾಲು, ಎರಡು ಅಂಗಡಿ."

"ಆ ಅಜ್ಜಿ ಕನ್ನಡದಾಕೆಯೋ ಮರಾಠಿಯಾಕೆಯೋ?"

"ಎರಡೂ ಮಾತಾಡತಾಳ್ರಿ. ಅಕಿಗೆ ಅದರ ಗೊಡವಿ ಎಲ್ಲೈತಿ? ನೋಡಾವ್ರಿಗೆ ಬೇಕಲ್ರಿ." ಅವನು ಕಾಲ ಮೇಲೆ ಕಾಲು ಹಾಕಿದ. "ನೀವೂ ಇದ ಲೈನ್‌ನ್ಯಾಗ ಇದ್ದಾವ್ರು. ನಿಮಗ ಗೊತ್ತಿಲ್ಲದ್ದೇನೈತಿ?"

ಆ ಮಾತು ಮೈಮೇಲೆ ಹಲ್ಲಿ ಬಿದ್ದಂತಾಯಿತು. ಒಂದೇ ತಟ್ಟೆಯಲ್ಲಿ ಉಂಡವರು ಎಂಬಂತೆ ನಗುತ್ತಿದ್ದ. ಪೂರ್ತಿ ದೃಶ್ಯ ತೋರಿಸು ಎಂದೆ. 'ತೋರಿಸೂಣು, ಅದಕ್ಕೇನು' ಎನ್ನುತ್ತಲೇ ಕಂಪ್ಯೂಟರಿನಲ್ಲಿ ಕಡತ ತೆರೆದ. ದಾರಿಹೋಕನೊಬ್ಬ ಅಡ್ಡ ಹಿಡಿದು ತೆಗೆದ ದೃಶ್ಯ ಅದು. ಬಲ ಅಂಚಿನಲ್ಲಿ, ಮುದುಕಿಯ ಬೆನ್ನ ಹಿಂದೆ, ಕೆಂಪಗೆ ಏನೋ ಎದ್ದು ಕುಣಿಯುತ್ತಿತ್ತು. ಬೆಂಕಿ! ನಾನು ಕೈ ತೋರಿಸುವಷ್ಟರಲ್ಲಿ ಅವನು ಅದನ್ನು ಮುಚ್ಚಿದ.

"ಬೆಂಕಿ ಇತ್ತಲ್ಲ. ಆತ ಬೆಂಕಿ ಆರಿಸಿದ್ದು."

"ಅದು ಹಾಕಿದ್ರ ಯಾರು ನೋಡತಾರ್ರಿ? ಬೆಂಕಿ ಬಿತ್ತು, ನೀರು ಹಾಕಿದ್ರು, ಆರಿತು. ಅದರಾಗೇನು ಸುದ್ದಿ?"

ತೆಗೆದು ಹಾಕು ಎಂದೆ. ಅವನು ಸ್ವಲ್ಪ ಯೋಚಿಸಿ ಖುರ್ಚಿ ಹತ್ತಿರ ಎಳೆದುಕೊಂಡ. "ಒಂದ ಕೆಲಸಾ ಮಾಡೂಣ್ರಿ ಮೇಡಂ. 'ಸತ್ಯ ಹೊರಬಿತ್ತು' ಅಂತ ಇನ್ನೊಂದು ಮಾಡೂಣು. ಆ ಅಂಗಡ್ಯಾವ್ನ ಮಗಳು ಅದಾಳಂತಲ್ಲ, ಸಾಲಿ ಬಿಟ್ಟಾಳಂತ. ಅಕಿ ಅಳೂ ಒಂದು ಶಾಟ್ ಕೊಡಸ್ರಿ. ಹತ್ತರಿಂದ. ಅದು ಇವೆರಡಕ್ಕಿಂತ ಜೋರ ಓಡತೈತಿ." ಹೇಳುತ್ತ ಬೆರಳುಗಳಿಂದ ಗಾಳಿಯಲ್ಲಿ ಚೌಕಟ್ಟು ಮಾಡಿ, ಅದರೊಳಗಿಂದ ನನ್ನನ್ನೇ ನೋಡಿದ. ಚಹಾ ಮುಟ್ಟದೆ ಎದ್ದೆ. ಮೆಟ್ಟಿಲಿಳಿಯುವಾಗಲೂ ಹಿಂದಿನಿಂದ, "ವಿಚಾರ ಮಾಡ್ರಿ ಮೇಡಂ," ಎನ್ನುತ್ತಿದ್ದ.

ಕೆನೆ ಮೇಲೆ ಬಂದ ಹಾಲಿಗೆ ನೊಣ ಬಿದ್ದರೆ ತೆಗೆದು ಚೆಲ್ಲಬಹುದು. ಈ ಮನುಷ್ಯನಿಗೆ ನೊಣವೇ ಹಾಲು.

ಇನ್ನು ಉಳಿದವಳು ಮುದುಕಿ. ಪೇಟೆಯಲ್ಲಿ ಅದೇ ಕಟ್ಟೆಯ ಕೆಳಗೆ ಇದ್ದಿಲಿನ ಶೆಗಡಿ ಇಟ್ಟುಕೊಂಡು ಗೋವಿನಜೋಳದ ತೆನೆ ಸುಡುತ್ತ ಕೂರುತ್ತಾಳೆಂದು ಉಪನ್ಯಾಸಕಿ ಹೇಳಿದರು. ಶುಕ್ರವಾರ ಮಧ್ಯಾಹ್ನವೇ ಖಾನಾಪುರಕ್ಕೆ ಹೋಗಿ ಆಕೆಯ ಎದುರು ಕುಕ್ಕರುಗಾಲಲ್ಲಿ ಕೂತೆ. ಹಿಂದಿನ ಅರಿವಿ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು, ಒಳಗೆ ಗಿರಾಕಿ ಇರಲಿಲ್ಲ. ಮುದುಕಿಯ ಮುಂದೆ ಮಾತ್ರ ಜನ. ತೆನೆ ಕೊಳ್ಳುವವರು, ಕೊಂಡು ಅವಳ ಬಾಜೂಕ ಕೂತು ಸೆಲ್ಫಿ ತೆಗೆಯುವವರು.

"ಅಂಗಡಿಯವರು ನಿನ್ನ ಮೇಲೆ ನೀರು ಹಾಕಿದರಾ ಅಜ್ಜಿ?"

"ಒಗದಾನ. ಒಂದು ಬಕೀಟ ಪೂರಾ."

"ಯಾಕೆ?"

"ಗೋಣಿಚೀಲ ಹತ್ತಿತ್ತು. ಸೆರಗಿಗೂ ಹತ್ತಿತ್ತು. ಒಗೀಲಿಲ್ಲಂದ್ರ ನಾನ ಸುಟ್ಟ ಹೋಗ್ತಿದ್ದೆ ಬಾಯಾರ. ಆಮ್ಯಾಲ ಈ ಸೀರಿ ಕೊಟ್ಟ." ಸೆರಗು ಎತ್ತಿ ತೋರಿಸಿದಳು. ಹೊಸ ಸೀರೆ.

"ಮತ್ತೆ ಆ ವಿಡಿಯೋದವನಿಗೆ ಇದನ್ನು ಯಾಕೆ ಹೇಳಲಿಲ್ಲ?"

"ಅಂವ ನೀರು ಒಗದಾನೇನು ಅಂತ ಕೇಳಿದ. ಹೂಂ ಅಂದೆ. ಸುಳ್ಳ ಹೇಳೀನೇನು?"

ನಾಲ್ಕು ಜನರ ಮುಂದೆ ಇದನ್ನೇ ಹೇಳು ಎಂದು ಬೇಡಿದೆ. ಮುದುಕಿ ತೆನೆ ಹೊರಳಿಸಿ, ನಿಂಬೆಹಣ್ಣಿನ ಹೋಳಿಗೆ ಖಾರ ಒತ್ತಿ ತಿಕ್ಕಿದಳು. "ಈಗ ಮಂದಿ ಬರಾಕತ್ತಾರ ಬಾಯಾರ. ಪಾಪ ಅಂತ ಎರಡು ತೆನಿ ಹೆಚ್ಚಗಿ ಒಯ್ಯತಾರ. ಬಂದದ್ದಕ್ಕ ಯಾಕ ಕಲ್ಲು ಹಾಕಲಿ?" ಸೀರೆ ಕೊಟ್ಟವನ ಬಾಗಿಲು ಬೆನ್ನ ಹಿಂದೆ ಅರ್ಧ ಮುಚ್ಚಿರುವುದು ಅವಳಿಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಅವಳ ಮೇಲೂ ನನಗೆ ಅಸಹ್ಯ ಹುಟ್ಟಿತು. ಒಂದು ತೆನೆ ಕೊಂಡು ಎದ್ದು, ಅದನ್ನು ತಿನ್ನಲಾರದೆ ದಾರಿಯ ಆಕಳಿಗೆ ಹಾಕಿದೆ.

ಎದುರಿನ ಔಷಧಿ ಅಂಗಡಿಯ ಬಾಗಿಲ ಮೇಲೆ ಕ್ಯಾಮೆರಾ ಇತ್ತು. ಹಳೆಯ ದೃಶ್ಯದ ಮೇಲೆ ಹೊಸದು ತಾನೇ ಕೂರುವ ಯಂತ್ರ ಅದು. ಇನ್ನೊಂದೆರಡು ದಿನ ತಡವಾಗಿದ್ದರೆ ಅಳಿಸಿಹೋಗುತ್ತಿತ್ತು. ಅಂಗಡಿಯವರು ಒಳ್ಳೆಯವರು, ಪೆನ್ ಡ್ರೈವಿಗೆ ಹಾಕಿಕೊಟ್ಟರು. ಅದರಲ್ಲಿ ಎಲ್ಲವೂ ಇತ್ತು. ಶೆಗಡಿಯಿಂದ ಕಿಡಿ, ಗೋಣಿಚೀಲದ ಹೊಗೆ, ಸೆರಗಿಗೆ ಬೆಂಕಿ, ಒಳಗಿಂದ ಬಕೆಟ್ ಹಿಡಿದು ಓಡಿ ಬರುವ ಮನುಷ್ಯ. ಗೆದ್ದೆ ಎಂದುಕೊಂಡೆ. ಎಷ್ಟೋ ದಿನಗಳ ಮೇಲೆ ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದೆ.

ಮುಂದಿನ ವಾರ ಪಾಲಕರ ಸಭೆ ಇತ್ತು, ಮಕ್ಕಳೂ ಜೊತೆಗೆ ಬರಬೇಕಿತ್ತು. ಕಾಡಿ ಬೇಡಿ ಪ್ರಾಚಾರ್ಯರನ್ನು ಒಪ್ಪಿಸಿ, ಸಭಾಂಗಣದ ಪರದೆಯ ಮೇಲೆ ಅದನ್ನು ಹಾಕಿದೆ. ಉಪನ್ಯಾಸಕಿ ಹೇಳಿ ಕಳಿಸಿದ್ದರಿಂದ ಹುಡುಗಿಯೂ ಅವಳ ಅಪ್ಪನೂ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಮೊದಲು ಆ ಎರಡು ವಿಡಿಯೋ, ಆಮೇಲೆ ಇದು. ಬೆಂಕಿ ಎದ್ದಾಗ ನಿಲ್ಲಿಸಿ, ಕೋಲಿನಿಂದ ತೋರಿಸಿದೆ.

ಆಗ ಮುಂದಿನ ಸಾಲಿನಲ್ಲಿ ಒಬ್ಬರು ಮೈ ಮುರಿದು ನಕ್ಕರು. ಸ್ಟಿಕರ್ ಮಾಡಿದ ಹುಡುಗನ ಅಪ್ಪ.

"ಇದು ಎಐ ಐತ್ರಿ. ಈಗ ಬೆಂಕಿ ಹಚ್ಚೂದು ದೊಡ್ಡ ಮಾತೇನು? ಮೊನ್ನೆ ಆನಿಗೆ ರೆಕ್ಕಿ ಹಚ್ಚಿದ್ದು ನೋಡೇನಿ ನಾ."

ನಗೆ ಸಾಲಿನಿಂದ ಸಾಲಿಗೆ ಹಬ್ಬಿತು. ಇದು ಕ್ಯಾಮೆರಾದಿಂದ ನಾನೇ ತಂದದ್ದು ಎಂದು ಹೇಳುತ್ತಿರುವಾಗಲೇ ಕಣಕುಂಬಿಯ ಹುಡುಗಿ ಎದ್ದು ನಿಂತಳು. ಅವಳು ನನ್ನ ಪರ ಮಾತಾಡುತ್ತಾಳೆಂದು ಜೀವ ಬಂದಂತಾಯಿತು.

"ಮೇಡಂ, ಇದನ್ನ ಯಾರು ಕೊಟ್ಟಾರು, ಅವರಿಗೇನು ಲಾಭ ಅಂತ ಕೇಳಬೇಕು ಅಂತ ನೀವ ಹೇಳೀರಿ. ಔಷಧಿ ಅಂಗಡ್ಯಾವ್ರು ಅಕಿ ಅಪ್ಪಾರ ದೋಸ್ತರು. ದಿನಾ ಕೂಡಿ ಚಹಾ ಕುಡೀತಾರ. ಮತ್ತ ಇದನ್ನ ಹೆಂಗ ನಂಬೂದ್ರಿ?"

ಅವಳ ದನಿಯಲ್ಲಿ ಕುಹಕವಿರಲಿಲ್ಲ. ನಾನು ಕಲಿಸಿದ್ದನ್ನು ಅಚ್ಚುಕಟ್ಟಾಗಿ ಒಪ್ಪಿಸಿದಳು, ಅಷ್ಟೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮೊದಲ ದಿನವೇ ಬೋರ್ಡಿನ ಮೇಲೆ ಬರೆದವಳು ನಾನು. ಪ್ರಮಾಣಿಸುವುದು ಹೇಗೆ ಎಂದು ಮಾತ್ರ ಹೇಳಿಕೊಟ್ಟಿರಲಿಲ್ಲ. ಅನುಮಾನ ಪಡುವುದಷ್ಟೇ ಜಾಣತನ ಎಂದು ತಿಳಿದು ಕೂತ ಒಂದು ತರಗತಿಯನ್ನು ತಯಾರು ಮಾಡಿದ್ದೆ. ಹಿಂದಿನ ಸಾಲಿನಲ್ಲಿ ಖುರ್ಚಿ ಸರಿದ ಸದ್ದಾಯಿತು. ಅಪ್ಪ ಮಗಳು ಎದ್ದು ಹೋಗುತ್ತಿದ್ದರು. ನಿಂತುಹೋದ ಬೆಂಕಿಯ ಬೆಳಕು ಪರದೆಯ ಮೇಲೆ ಹಾಗೇ ಇತ್ತು.

ಆ ವಾರ ಈ ಕೆಲಸವೇ ಸಾಕು ಎನ್ನಿಸಿತು. ಮೊಬೈಲನ್ನು ಕಂಡರೆ ಹೊಲಸು ತುಳಿದಂತಾಗುತ್ತಿತ್ತು. ನೋಡಿದ್ದನ್ನೆಲ್ಲ ನಂಬುವವನೂ ಯಾವುದನ್ನೂ ನಂಬದವನೂ ಕಡೆಗೆ ಒಂದೇ ಕಡೆ ಬಂದು ನಿಲ್ಲುತ್ತಾರೆ, ಇಬ್ಬರಿಗೂ ಎದ್ದು ಹೋಗಿ ನೋಡುವ ತ್ರಾಸ ಬೇಡ. ಹೀಗೆ ಬೈದುಕೊಳ್ಳುತ್ತ ಕೂತಾಗಲೇ ಹೊಳೆಯಿತು. ಇನ್ನು ಪರದೆ ಬೇಡ. ಕರೆದುಕೊಂಡು ಹೋಗಿ ಆ ಕಟ್ಟೆಯ ಮುಂದೆ ನಿಲ್ಲಿಸಬೇಕು.

ಪ್ರಾಚಾರ್ಯರು ಕೈ ಝಾಡಿಸಿದರು. "ಪ್ಯಾಟ್ಯಾಗ ಗದ್ದಲ ಆದ್ರ ನನ್ನ ಕುತಗೀಗೆ ಬರತೈತ್ರಿ." ಬಂದರೆ ನನ್ನ ಕುತ್ತಿಗೆಗೆ ಬರಲಿ ಎಂದು ಬರೆದುಕೊಟ್ಟೆ. ಉಪನ್ಯಾಸಕಿ ಅಂಗಡಿಯವರನ್ನು ಕೇಳಿದಾಗ, "ಬಂದು ನೋಡ್ಲಿ. ನಾ ಏನ್ ಮುಚ್ಚಿ ಇಟ್ಟೀನಿ?" ಎಂದರಂತೆ.

ಶನಿವಾರ ಎಲ್ಲರ ಮೊಬೈಲನ್ನೂ ಮೇಜಿನ ಮೇಲೆ ಇರಿಸಿ, ಒಂದನ್ನು ಮಾತ್ರ ಕೈಯಲ್ಲಿ ಹಿಡಿದು ಹೊರಟೆವು. ಗೇಟು ದಾಟಿ, ರಸ್ತೆ ದಾಟಿ, ಪೇಟೆಯ ಬಾಯಿಗೆ ಬಂದರೆ ಅಂಗಡಿ. ಮುದುಕಿ ತನ್ನ ಜಾಗದಲ್ಲಿದ್ದಳು. ಇಷ್ಟು ಗಿರಾಕಿಗಳನ್ನು ಒಟ್ಟಿಗೆ ಕಂಡು ಬೀಸಣಿಗೆ ಜೋರು ಮಾಡಿದಳು.

ಔಷಧಿ ಅಂಗಡಿಯ ಕ್ಯಾಮೆರಾದಲ್ಲಿ ಕಂಡಂತೆ, ವಿಡಿಯೋ ತೆಗೆದ ದಾರಿಹೋಕ ನಿಂತದ್ದು ವಿದ್ಯುತ್ ಕಂಬದ ಪಕ್ಕ. ಒಬ್ಬೊಬ್ಬರೂ ಅಲ್ಲಿ ನಿಂತು ಮೊಬೈಲನ್ನು ಮೊದಲು ಅಡ್ಡ ಹಿಡಿಯಬೇಕು, ಆಮೇಲೆ ನೆಟ್ಟಗೆ. ಅಡ್ಡ ಹಿಡಿದರೆ ಕಟ್ಟೆ, ಮುದುಕಿ, ಶೆಗಡಿ, ಗೋಡೆ ಎಲ್ಲವೂ ಕಾಣುತ್ತಿದ್ದವು. ನೆಟ್ಟಗೆ ಹಿಡಿದು ಮುದುಕಿ ತುಂಬುವಷ್ಟು ಹಿಗ್ಗಿಸಿದರೆ ಶೆಗಡಿ ಮಾಯ. ಒಬ್ಬರ ಕೈಯಿಂದ ಒಬ್ಬರಿಗೆ ಮೊಬೈಲು ಹೋಗುತ್ತಿತ್ತು. ಆಮೇಲೆ ಗೋಡೆಯ ಹತ್ತಿರ ಹೋದೆವು. ಕಟ್ಟೆಯ ಕಲ್ಲಿನಿಂದ ಕಿಟಕಿಯ ಹಲಗೆಯವರೆಗೆ ಮಸಿ ನಾಲಿಗೆ ಚಾಚಿತ್ತು, ಹಲಗೆಯ ಬಣ್ಣ ಬೊಬ್ಬೆ ಎದ್ದಿತ್ತು. ಕಣಕುಂಬಿಯ ಹುಡುಗಿ ಬೆರಳಿನಿಂದ ಒರೆಸಿ, ಮೂಗಿಗೆ ಹಿಡಿದು, ತನ್ನ ಕೈಯನ್ನೇ ನೋಡುತ್ತ ನಿಂತಳು. ಸ್ಟಿಕರಿನ ಹುಡುಗನೂ ಒರೆಸಿದ. ಅವನ ಬೆರಳೂ ಕಪ್ಪಾಯಿತು.

"ಬಿಸಲಾಗ ನಿಂತೀರಿ, ಒಳಗ ಬರ್ರಿ," ಎಂದರು ಅಂಗಡಿಯವರು. ಸಣ್ಣ ಮೈಯ, ತೆಳು ದನಿಯ ಮನುಷ್ಯ. ಅವರು ಒಳಗೆ ತಿರುಗಿ ಏನೋ ಹೇಳಿದರು. ಸ್ವಲ್ಪ ಹೊತ್ತಿಗೆ ಮಗಳು ಹೊರಗೆ ಬಂದಳು. ಕೈಯಲ್ಲಿ ತಾಟು, ತಾಟಿನ ತುಂಬ ನೀರಿನ ಲೋಟ. ಮನೆಗೆ ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಕಡೆಯ ರೀತಿ, ಅದರಲ್ಲಿ ಬೇರೆ ಅರ್ಥವಿರಲಿಲ್ಲ. ಆದರೂ ಒಬ್ಬರ ಕೈಯೂ ಮುಂದೆ ಬರಲಿಲ್ಲ.

"ತಪ್ಪಾತು," ಎಂದಳು ಕಣಕುಂಬಿಯ ಹುಡುಗಿ. "ಇವತ್ತ ಗ್ರೂಪಿನ್ಯಾಗ ಎಲ್ಲಾರೂ ಬರೀತೇವಿ. ಸೋಮವಾರದಿಂದ ಬಾ."

ಆ ಹುಡುಗಿ ತಾಟನ್ನು ಕಟ್ಟೆಯ ಮೇಲಿಟ್ಟಳು. "ಈಗ ಯಾಕ ಬಂದೀರಿ? ಗೇಟಿನ್ಯಾಗ ನಿಂತ್ರ ನಮ್ಮ ಅಂಗಡಿ ಕಾಣತೈತಿ. ದಿನಾ ಇದ ದಾರೀಲೆ ಬಸ್ ಸ್ಟ್ಯಾಂಡಿಗೆ ಹೋಗ್ತೀರಿ. ಒಬ್ಬರರ ಒಳಗ ಬಂದು ಏನಾತು ಅಂತ ಕೇಳಿದ್ರ ಆಗತಿತ್ತಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ನೀವೂ ಸೈತ, ಮೇಡಂ. ನಮ್ಮ ಅಪ್ಪನ್ನ ನಿಲ್ಲಿಸಿ ನಿಲ್ಲಿಸಿ ಪರದೇದಾಗ ತೋರಿಸಿದ್ರಿ. ನನ್ನ ಒಂದು ಮಾತು ಕೇಳಲಿಲ್ಲ."

ಮುದುಕಿಯನ್ನು ಕೇಳಲು ಬಂದ ದಿನ ಈ ಬಾಗಿಲಿನಿಂದ ಕೈಯಳತೆಯಲ್ಲಿ ಕೂತಿದ್ದೆ. ಬಾಗಿಲು ಅರ್ಧ ಎಳೆದಿದೆ ಎಂದು ನೋಡಿಕೊಂಡು ಹೋಗಿದ್ದೆ. ಅಷ್ಟು ದಿನ ಊರಿನವರ ಮೇಲೆಲ್ಲ ಕಾರಿದ ಹೇಸಿಗೆ ಅಷ್ಟೂ ಒಟ್ಟಿಗೆ ನನ್ನ ಕಡೆಗೇ ತಿರುಗಿತು.

"ಗ್ರೂಪಿನ್ಯಾಗ ಏನೂ ಬರೀಬ್ಯಾಡ್ರಿ," ಎಂದಳು ಅವಳು. "ನಮ್ಮವ್ವ ಬಸದಿಗೆ ಹೋಗೂದು ಬಿಟ್ಟಾಳ. ಹೊರಗ ಮಾರಿ ತೋರಸವಲ್ಲಳು. ಒಳಗ ಬಂದು ಅಕಿ ಮುಂದ ಹೇಳ್ರಿ. ಆಮ್ಯಾಲ ನೋಡೂಣು."

ಅಂಗಡಿಯ ಹಿಂದೆಯೇ ಮನೆ. ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು, ಬಟ್ಟೆಯ ಥಾನುಗಳ ನಡುವೆ ಹಾದು ಒಳಗೆ ಹೋದೆವು. ತಾಯಿ ಪಡಸಾಲೆಯಲ್ಲಿ ಮೊರದ ಮುಂದೆ ಕೂತಿದ್ದರು. ಇಷ್ಟು ಜನ ಒಳಗೆ ಬಂದದ್ದು ಕಂಡು ಸೆರಗು ಸರಿ ಮಾಡಿಕೊಂಡು ಗೋಡೆಗೆ ಒತ್ತಿ ಕೂತರು. ಕಣಕುಂಬಿಯ ಹುಡುಗಿಯೂ ಹಿಂದೆ ಸರಿದಳು. ಹಿಂದಿದ್ದವರು ತಳ್ಳಿದರೋ ತಾನೇ ಸರಿದನೋ, ಸ್ಟಿಕರಿನ ಹುಡುಗ ಎಲ್ಲರಿಗಿಂತ ಮುಂದೆ ನಿಂತಿದ್ದ.

ತಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದರು. ಸಿಟ್ಟಿನಿಂದಲ್ಲ. ಪೇಟೆಯಲ್ಲಿ ಅಂಗಡಿ ಇಟ್ಟ ಮನೆಯವರು ಯಾವ ಮುಖ ಕಂಡರೂ ಅದರ ಮನೆತನ ಹುಡುಕುವಂತೆ ನೋಡಿದರು.

"ಯಾರ ಮಗಾ ನೀ?" ಎಂದರು. "ನಿಮ್ಮವ್ವನ ಮದಿವಿ ಜವಳಿ ನಮ್ಮಲ್ಲೇ ತಗದಿರಬೇಕು, ಎಲ್ಲೋ ನೋಡಿದ ಮಾರಿ ಐತಿ. ನಿಮ್ಮವ್ವನ ಹೆಸರೇನಪಾ?"

ಅವನು ಮಸಿಯಾದ ಬೆರಳನ್ನು ಅಂಗೈಯೊಳಗೆ ಮುಚ್ಚಿಕೊಂಡಿದ್ದ. ಬಾಯಿ ತೆರೆದ, ಆದರೆ ತನ್ನ ತಾಯಿಯ ಹೆಸರನ್ನು ಅಲ್ಲಿ ಹೇಳಲು ಅವನಿಂದ ಆಗಲಿಲ್ಲ. ಕಣ್ಣು ತುಂಬಿ ಬಂದು ತಲೆ ಬಗ್ಗಿಸಿದ. ತಾಯಿ ಉತ್ತರಕ್ಕೆ ಕಾಯುತ್ತಿದ್ದರು.

ಬಾಗಿಲಲ್ಲಿ ನಿಂತಿದ್ದ ಮಗಳು ಬಹಳ ಹೊತ್ತು ಅವನನ್ನೇ ನೋಡಿದಳು.

"ನಮ್ಮ ಕ್ಲಾಸಿನಾಂವ, ಅವ್ವಾ," ಎಂದಳು.